ಗೊರಕೆ ನಿಂತಾಗ ಕಿವಿ ಕೊಡಿ

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯವರಿಗೆ 52 ವರ್ಷ. ದಾವಣಗೆರೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ಮದುವೆಯಾದಾಗಿನಿಂದ ಗೊರಕೆ ಹೊಡೆಯುತ್ತಾರೆ, ನನಗೆ ಅಭ್ಯಾಸವಾಗಿ ಹೋಗಿದೆ. ಆದರೆ ಒಂದೆರಡು ವರ್ಷದಿಂದ ಗೊರಕೆ ನಡುವೆ ಉಸಿರೇ ನಿಂತ ಹಾಗಾಗುತ್ತದೆ. ಹೆದರಿ ಎದೆ ಮೇಲೆ ಕೈ ಇಟ್ಟು ನೋಡುತ್ತೇನೆ. ಆಮೇಲೆ ಒಮ್ಮೆಲೇ ‘ಗಕ್’ ಅಂತ ಸದ್ದು ಮಾಡಿ ಮತ್ತೆ ಉಸಿರಾಡುತ್ತಾರೆ. ಹಗಲು ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಸುತ್ತಾರೆ. ಬಿ.ಪಿ.ಗೆ ಮೂರು ಮಾತ್ರೆ ನುಂಗಿದರೂ 150ರ ಕೆಳಗೆ ಇಳಿಯುವುದಿಲ್ಲ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಶುಗರ್ ಇಲ್ಲ. ಹೋದ ತಿಂಗಳು ಹುಬ್ಬಳ್ಳಿಯಿಂದ ಕಾರು ಓಡಿಸಿಕೊಂಡು ಬರುವಾಗ ಜೋಂಪು ಹತ್ತಿ ಡಿವೈಡರ್‌ಗೆ ತಾಗಿಸಿದರು. ನಮ್ಮ ಅತ್ತೆ ‘ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ, ಬಿಡು’ ಅನ್ನುತ್ತಾರೆ. ಇವರು ದಪ್ಪ ಏನಿಲ್ಲ, ಎತ್ತರ 168 ಸೆಂ.ಮೀ., ತೂಕ 74 ಕೆ.ಜಿ. ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಕಾಯಿಲೆ ದಪ್ಪಗಿರುವವರಿಗೆ ಮಾತ್ರ ಬರುವುದು ಅಲ್ವಾ? ಹಿಂದಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಇದರಿಂದಲೇ ತೀರಿಕೊಂಡರು ಅಂತ ಓದಿದ್ದೆ. ನಿದ್ದೆಯಲ್ಲೇ ಉಸಿರು ಕಟ್ಟಿ ಏನಾದರೂ ಆಗಿಬಿಡುತ್ತದಾ? ಇವರನ್ನು ಕಾಯುವುದರಲ್ಲಿ ನನಗಂತೂ ನಿದ್ದೆಯೇ ಇಲ್ಲ. ನನಗೆ 50. ಮುಟ್ಟು ನಿಂತು ಮೂರು ವರ್ಷ ಆಯಿತು. ಬೆಳಿಗ್ಗೆ ಎದ್ದರೆ ತಲೆನೋವು, ದಿನವಿಡೀ ಸುಸ್ತು. ನಿದ್ದೆಗೆ ಅಂತ ಅಲ್ಪ್ರಾಜೊಲಾಮ್ ಅರ್ಧ ಮಾತ್ರೆ ತಗೊಳ್ಳುತ್ತೇನೆ.

ಉತ್ತರ: ಮೊದಲು ಕಾರಿನ ಕೀ ತೆಗೆದಿಡಿ. ಉಳಿದದ್ದು ಆಮೇಲೆ ಮಾತಾಡೋಣ.

ಇದು ತಮಾಷೆಯಲ್ಲ. ಒಮ್ಮೆ ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿದವರು ಮತ್ತೆ ಮುಚ್ಚುತ್ತಾರೆ. ಚಿಕಿತ್ಸೆ ಪಡೆಯದ ಸ್ಲೀಪ್ ಅಪ್ನಿಯಾ ಇರುವವರು ಅಪಘಾತ ಮಾಡಿಕೊಳ್ಳುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹುಬ್ಬಳ್ಳಿ-ದಾವಣಗೆರೆ ಹೆದ್ದಾರಿ ನೇರ, ಅಗಲ. ತಿರುವು ಕಡಿಮೆ ಇರುವ ಇಂಥ ರಸ್ತೆಯಲ್ಲೇ ಜೋಂಪು ಬೇಗ ಹತ್ತುವುದು. ಕಿಟಕಿ ತೆಗೆಯುವುದು, ಹಾಡು ಜೋರಾಗಿ ಹಾಕುವುದು, ಡಾಬಾದಲ್ಲಿ ಚಹಾ ಕುಡಿಯುವುದು, ಇವೆಲ್ಲ ಹತ್ತು ನಿಮಿಷದ ಉಪಾಯ. ಪರೀಕ್ಷೆಯಾಗಿ, ಚಿಕಿತ್ಸೆ ಶುರುವಾಗಿ, ಹಗಲಿನ ತೂಕಡಿಕೆ ಹೋಗುವವರೆಗೆ ಅವರು ಕಾರು ಓಡಿಸುವುದು ಬೇಡ. ಬೈಕೂ ಬೇಡ. ಬಸ್ಸಿದೆ, ರೈಲಿದೆ. ಅಂಗಡಿ ಹುಡುಗ ಓಡಿಸಬಲ್ಲನಾದರೆ ಅವನೇ ಓಡಿಸಲಿ.

ಈಗ ನಿಮ್ಮ ಪತ್ರಕ್ಕೆ ಬರೋಣ. ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಅಂದರೆ ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಪದೇ ಪದೇ ನಿಲ್ಲುವ ಕಾಯಿಲೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳುವಂತಿಲ್ಲ. ಆದರೆ ನೀವು ಬರೆದದ್ದು ಓದಿದರೆ ನಿಮ್ಮ ಯಜಮಾನರಿಗೆ ಅದು ಇರುವ ಸಾಧ್ಯತೆ ತುಂಬಾ ಜಾಸ್ತಿ. ಇದೇ ಪತ್ರವನ್ನು ಅವರು ಬರೆದಿದ್ದರೆ ಏನು ಬರೆಯುತ್ತಿದ್ದರು ಗೊತ್ತಾ? ‘ಸ್ವಲ್ಪ ಸುಸ್ತು ಡಾಕ್ಟ್ರೇ, ಬಿ.ಪಿ. ಇಳೀತಿಲ್ಲ’ ಅಂತ ಎರಡು ಸಾಲು. ಗೊರಕೆ, ಉಸಿರು ನಿಲ್ಲುವುದು, ಆ ‘ಗಕ್’ ಸದ್ದು, ಯಾವುದೂ ಅವರಿಗೆ ಗೊತ್ತಿರುವುದಿಲ್ಲ. ಈ ಕಾಯಿಲೆಯ ಮುಖ್ಯ ಲಕ್ಷಣಗಳು ಕಾಣುವುದು ಪಕ್ಕದಲ್ಲಿ ಮಲಗಿದವರಿಗೆ, ರೋಗಿಗಲ್ಲ. ಅದಕ್ಕೇ ನಾನು ಗಂಡನ ಜೊತೆ ಹೆಂಡತಿಯನ್ನೂ, ಹೆಂಡತಿಯ ಜೊತೆ ಗಂಡನನ್ನೂ ಕರೆದುಕೊಂಡು ಬನ್ನಿ ಎನ್ನುವುದು.

ಒಳಗೆ ಏನಾಗುತ್ತದೆ ಅಂತ ತಿಳಿದರೆ ಲಕ್ಷಣಗಳು ಒಂದೊಂದಾಗಿ ತಾವೇ ಅರ್ಥವಾಗುತ್ತವೆ. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆವರೆಗಿನ ಗಂಟಲ ಭಾಗಕ್ಕೆ ಮೂಳೆಯ ಆಸರೆ ಇಲ್ಲ. ಅದು ಬರೀ ಸ್ನಾಯುವಿನ ಕೊಳವೆ. ಎಚ್ಚರವಿದ್ದಾಗ ಸ್ನಾಯುಗಳು ಬಿಗಿಯಾಗಿದ್ದು ಅದನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಎಳನೀರಿನಲ್ಲಿ ನೆನೆದು ಮೆತ್ತಗಾದ ಪೇಪರ್ ಸ್ಟ್ರಾ ಎಳೆದಷ್ಟೂ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಇಲ್ಲೂ ಹಾಗೆಯೇ. ದಾರಿ ಕಿರಿದಾದಾಗ ಗಾಳಿ ಕಿರುನಾಲಿಗೆಯನ್ನು ಅದುರಿಸಿಕೊಂಡು ನುಗ್ಗುತ್ತದೆ, ಅದು ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಗಾಳಿಯೇ ಇಲ್ಲ, ಸದ್ದೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಮಿದುಳು ಗಾಬರಿಯಾಗಿ ಕೆಲವೇ ಸೆಕೆಂಡಿನ ಮಟ್ಟಿಗೆ ಎಚ್ಚರವಾಗಿ ಗಂಟಲನ್ನು ಬಿಗಿಗೊಳಿಸುತ್ತದೆ. ‘ಗಕ್’ ಎನ್ನುವುದು ಆಗ. ಮತ್ತೆ ನಿದ್ದೆ, ಮತ್ತೆ ಗೊರಕೆ, ಮತ್ತೆ ಮೌನ. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಎಂಟು ಗಂಟೆ ಮಲಗಿದೆ ಅಂತ ಅವರು ಹೇಳುವುದು ಸುಳ್ಳಲ್ಲ. ಆ ಎಂಟು ಗಂಟೆ ಚೂರುಚೂರಾಗಿ ಹೋಗಿರುತ್ತದೆ, ಅಷ್ಟೇ.

ಹಾಗಾಗಿ ಗೊರಕೆಯ ಜೋರನ್ನು ನೋಡಬೇಡಿ. ಮನೆಯೆಲ್ಲ ಅದುರುವ ಹಾಗೆ, ಆದರೆ ಒಂದೇ ಸಮನೆ ಹೊಡೆಯುವವರಿಗೆ ಅಪ್ನಿಯಾ ಇಲ್ಲದೆಯೂ ಇರಬಹುದು. ಮೆತ್ತಗೆ ಹೊಡೆದು ನಡುನಡುವೆ ನಿಲ್ಲಿಸುವವರಿಗೆ ಇರಬಹುದು. ಏರುತ್ತಾ ಹೋಗುವ ಗೊರಕೆ, ಇದ್ದಕ್ಕಿದ್ದಂತೆ ಮೌನ, ಆಮೇಲೆ ಉಸಿರಿಗಾಗಿ ಒದ್ದಾಡಿದಂಥ ಸದ್ದು: ಈ ಮೂರೂ ಒಂದರ ಹಿಂದೆ ಒಂದು ಬರುತ್ತಿದ್ದರೆ ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ನಮ್ಮಲ್ಲಿ ಜನ ಗಮನಿಸುವುದು ಮಾತ್ರ ಉಲ್ಟಾ. ಗೊರಕೆ ಶುರುವಾದರೆ ಪಕ್ಕದವರಿಗೆ ಸಿಟ್ಟು. ಅದು ನಿಂತರೆ ‘ಸದ್ಯ, ಈಗ ನಿದ್ದೆ ಹತ್ತಿತು’ ಅಂತ ಸಮಾಧಾನ! ನೀವು ಹಾಗೆ ಮಾಡದೆ ಎದೆ ಮೇಲೆ ಕೈ ಇಟ್ಟು ನೋಡಿದ್ದೀರಿ.

ಆ ಮೌನವನ್ನು ಇನ್ನೊಂದೆರಡು ರಾತ್ರಿ ಗಮನಿಸಿ. ಬೆಳಗಿನ ಜಾವ ಮೂರರಿಂದ ಐದರ ನಡುವೆ ನೋಡುವುದು ಒಳ್ಳೆಯದು. ಕನಸು ಬೀಳುವ ನಿದ್ದೆ ಆ ಹೊತ್ತಿಗೆ ಜಾಸ್ತಿ, ಆಗ ಸ್ನಾಯುಗಳು ಇನ್ನೂ ಸಡಿಲ. ಅಂಗಾತ ಮಲಗಿದಾಗಲೂ ಜಾಸ್ತಿ, ಮಗ್ಗುಲಾದಾಗ ಕಡಿಮೆ. ಮುಖ, ಎದೆ, ಹೊಟ್ಟೆ ಮೂರೂ ಕಾಣುವ ಹಾಗೆ ಮೊಬೈಲ್‌ನಲ್ಲಿ ಐದು ನಿಮಿಷ ವಿಡಿಯೊ ಮಾಡಿ. ಸಣ್ಣ ದೀಪ ಸಾಕು. ಸದ್ದು ನಿಂತಾಗ ಸೆಕೆಂಡು ಎಣಿಸಿ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ನಾವು ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತೇವೆ. ಮೂಗಿನಲ್ಲಿ ಗಾಳಿ ಆಡದಿದ್ದರೂ ಎದೆ, ಹೊಟ್ಟೆ ಜಗ್ಗುತ್ತಿರುತ್ತವೆ. ಎಷ್ಟೋ ಸಲ ಎದೆ ಒಳಗೆ ಹೋದಾಗ ಹೊಟ್ಟೆ ಮೇಲೇಳುತ್ತದೆ. ದಾರಿ ಮುಚ್ಚಿದೆ, ದೇಹ ಒದ್ದಾಡುತ್ತಿದೆ ಎಂದು ಅದರಿಂದ ಗೊತ್ತಾಗುತ್ತದೆ. ಎದೆ, ಹೊಟ್ಟೆ ಎರಡೂ ಅಲುಗಾಡದೆ ಉಸಿರು ನಿಲ್ಲುವ ಬೇರೆ ಜಾತಿಯ ಅಪ್ನಿಯಾ ಇದೆ. ಅದು ಮಿದುಳಿನಿಂದ ಉಸಿರಾಟದ ಆಜ್ಞೆ ಬರದೆ ಆಗುವಂಥದ್ದು, ಹೃದಯ ದುರ್ಬಲವಾದವರಲ್ಲಿ ಕಾಣುತ್ತದೆ, ಚಿಕಿತ್ಸೆಯೂ ಬೇರೆ.

ಆ ವಿಡಿಯೊದಿಂದ ಇನ್ನೊಂದು ಲಾಭವಿದೆ. ‘ನಾನೆಲ್ಲಿ ಗೊರಕೆ ಹೊಡೀತೀನಿ?’ ಎನ್ನುವ ಗಂಡಸರು ಅದನ್ನು ನೋಡಿದ ಮೇಲೆ ವಾದ ಮಾಡುವುದಿಲ್ಲ. ನೆಂಟರ ಮುಂದೆ ಮಾತ್ರ ತೋರಿಸಬೇಡಿ. ಗೊರಕೆ ನಮ್ಮಲ್ಲಿ ನಗೆಯ ವಸ್ತು. ಮರ್ಯಾದೆ ಹೋಯಿತು ಅನ್ನಿಸಿದರೆ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ.

ನಿದ್ದೆಯಲ್ಲೇ ಏನಾದರೂ ಆಗಿಬಿಡುತ್ತದಾ ಅಂತ ಕೇಳಿದ್ದೀರಿ. ಗಂಟಲು ಮುಚ್ಚಿದಾಗಲೆಲ್ಲ ಮಿದುಳು ತಾನೇ ಎಚ್ಚರವಾಗಿ ಉಸಿರು ಬಿಡಿಸುತ್ತದೆ. ಹಾಗಾಗಿ ಪ್ರತಿ ಮೌನಕ್ಕೂ ನೀವು ಜೀವ ಕೈಯಲ್ಲಿ ಹಿಡಿದು ಕೂರಬೇಕಿಲ್ಲ. ರಾತ್ರಿಯಿಡೀ ಕಾಯುವುದೂ ಬೇಡ. ಬೇಕಿದ್ದರೆ ಮಗ್ಗುಲಿಗೆ ತಿರುಗಿಸಿ, ನೀವು ಮಲಗಿ. ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಮುಂಬೈಯ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದು ನಿಜ. ಆದರೆ ಅವರಿಗೆ 69 ವರ್ಷವಾಗಿತ್ತು, ಬೇರೆ ತೊಂದರೆಗಳೂ ಇದ್ದವು, ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದರು. ಅದನ್ನು ನಿಮ್ಮ ಮನೆಗೆ ಹೋಲಿಸಿಕೊಂಡು ಹೆದರಬೇಡಿ.

ಹಾಗಂತ ಅಪಾಯವೇ ಇಲ್ಲ ಎನ್ನುವಂತಿಲ್ಲ. ಅಪಾಯ ವರ್ಷಗಳ ಮೇಲೆ ಕೂಡುತ್ತಾ ಹೋಗುತ್ತದೆ. ಪ್ರತಿ ಸಲ ಉಸಿರು ಕಟ್ಟಿದಾಗ ಅಡ್ರಿನಲಿನ್ ಚಿಮ್ಮುತ್ತದೆ, ಬಿ.ಪಿ. ಜಿಗಿಯುತ್ತದೆ. ಗಂಟೆಗೆ 30 ಸಲ ಅಂತ ಹಿಡಿದರೂ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ಬಿ.ಪಿ. ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ, ರಕ್ತನಾಳಗಳಿಗೆ ಅದೇ ವಿಶ್ರಾಂತಿ. ಇವರಿಗೆ ಆ ವಿಶ್ರಾಂತಿ ಇಲ್ಲ. ಮೂರು ಮಾತ್ರೆ ತಗೊಂಡರೂ ಬಿ.ಪಿ. ಹತೋಟಿಗೆ ಬರದವರಲ್ಲಿ ನಾವು ಮೊದಲು ಹುಡುಕುವ ಕಾರಣಗಳಲ್ಲಿ ಸ್ಲೀಪ್ ಅಪ್ನಿಯಾ ಒಂದು. ನಾಲ್ಕನೇ ಮಾತ್ರೆ ಬರೆಯುವ ಮುನ್ನ ‘ಗೊರಕೆ ಹೊಡೀತೀರಾ?’ ಅಂತ ಕೇಳಬೇಕು. ನಾವು ವೈದ್ಯರು ಕೇಳುವುದು ಕಡಿಮೆ, ಐದು ನಿಮಿಷದ ಒಪಿಡಿಯಲ್ಲಿ ಕೇಳಲು ಸಮಯವೂ ಇರುವುದಿಲ್ಲ. ನೀವೇ ಹೇಳಿಬಿಡಿ. ಗುಂಡಿಗೆಯ ಬಡಿತ ಲಯ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಇವೆಲ್ಲವೂ ಈ ಕಾಯಿಲೆ ಇರುವವರಲ್ಲಿ ಹೆಚ್ಚು.

ರಾತ್ರಿ ಮೂತ್ರಕ್ಕೆ ಏಳುವ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. 50 ದಾಟಿದ ಗಂಡಸು ಪದೇ ಪದೇ ಎದ್ದರೆ ಎಲ್ಲರೂ ಪ್ರೊಸ್ಟೇಟ್ ಎನ್ನುತ್ತಾರೆ. ಅದೂ ಇರಬಹುದು, ನೋಡಿಸಿ. ಆದರೆ ಮುಚ್ಚಿದ ಗಂಟಲಿಗೆ ಎದುರಾಗಿ ಎದೆ ಜೋರಾಗಿ ಎಳೆದಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿದು ಒಂದು ಹಾರ್ಮೋನ್ ಬಿಡುತ್ತದೆ. ಅದು ನೀರನ್ನು ಹೊರಹಾಕುವಂತೆ ಮೂತ್ರಪಿಂಡಕ್ಕೆ ಸೂಚನೆ ಕೊಡುತ್ತದೆ. ಹೀಗೆ ಗಂಟಲಿನ ತೊಂದರೆ ಬಚ್ಚಲುಮನೆಗೆ ಓಡಿಸುತ್ತದೆ. ಚಿಕಿತ್ಸೆ ಶುರುವಾದ ಮೇಲೆ ‘ರಾತ್ರಿ ಏಳೋದೇ ನಿಂತುಹೋಯ್ತು’ ಅಂತ ಆಶ್ಚರ್ಯಪಡುವವರು ಬಹಳ. ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಟುವುದು, ಚಳಿಗಾಲದಲ್ಲೂ ಕುತ್ತಿಗೆ ಬೆವರಿ ದಿಂಬು ಒದ್ದೆಯಾಗುವುದು, ಎದೆಯುರಿ, ಸಣ್ಣದಕ್ಕೆಲ್ಲ ಸಿಡುಕು, ಮರೆವು, ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ಇವೂ ಜೊತೆಗೆ ಬರಬಹುದು. ಒಂದೊಂದಕ್ಕೂ ಬೇರೆ ಕಾರಣ ಇರಬಹುದು, ಹಾಗಾಗಿ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ.

ಈಗ ನಿಮ್ಮ ಅತ್ತೆಯ ಗಾದೆ. ಸಂತೆಯಲ್ಲಿ ನಿದ್ದೆ ಮಾಡುವವನಿಗೆ ಚಿಂತೆ ಇಲ್ಲ ಅಂತಲ್ಲ, ರಾತ್ರಿ ನಿದ್ದೆ ಇಲ್ಲ ಅಂತಲೂ ಇರಬಹುದು. ದಿಂಬಿಗೆ ತಲೆ ಇಟ್ಟ ಮರುಕ್ಷಣ ನಿದ್ದೆ ಹೋಗುವವರನ್ನು ನಾವು ಪುಣ್ಯವಂತರು ಎನ್ನುತ್ತೇವೆ. ಸಾಕಷ್ಟು ನಿದ್ದೆಯಾದ ದೇಹಕ್ಕೆ ಅಷ್ಟು ಬೇಗ ನಿದ್ದೆ ಹತ್ತುವುದು ಕಡಿಮೆ. ಮೆಲ್ಬರ್ನ್‌ನ ಮರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಒಂದು ಸರಳ ಅಳತೆ ಮಾಡಿದರು, ಎಪ್‌ವರ್ತ್ ಪಟ್ಟಿ ಅಂತ ಹೆಸರು. ಓದುತ್ತಾ ಕೂತಾಗ, ಟಿ.ವಿ. ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ವಾಹನದಲ್ಲಿ ಪ್ರಯಾಣ ಮಾಡುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರ ಜೊತೆಗೋ ಕೂತು ಮಾತಾಡುವಾಗ, ಊಟವಾಗಿ ಸುಮ್ಮನೆ ಕೂತಾಗ, ಟ್ರಾಫಿಕ್‌ನಲ್ಲಿ ಕಾರು ನಿಂತಾಗ. ಈ ಎಂಟು ಸಂದರ್ಭಗಳಲ್ಲಿ ತೂಕಡಿಸುವ ಸಂಭವಕ್ಕೆ ಸೊನ್ನೆಯಿಂದ ಮೂರು ಅಂಕ. ಒಟ್ಟು 24ಕ್ಕೆ 10 ದಾಟಿದರೆ ಹಗಲಿನ ನಿದ್ದೆ ಜಾಸ್ತಿ ಎಂದು ಅರ್ಥ. ಊಟವಾದ ಮೇಲೆ ಜೋಂಪು ಹತ್ತುವುದು ದೊಡ್ಡ ವಿಷಯವಲ್ಲ. ಗಿರಾಕಿ ಎದುರಿಗೆ ನಿಂತು ಮಾತಾಡುತ್ತಿದ್ದಾಗಲೇ ಕಣ್ಣು ಎಳೆದರೆ ಅದು ದೊಡ್ಡ ವಿಷಯ. ಈ ಪಟ್ಟಿಯನ್ನೂ ಅವರೊಬ್ಬರಿಂದಲೇ ತುಂಬಿಸಬೇಡಿ, ನೀವೂ ಜೊತೆಗೆ ಕೂತು ತುಂಬಿಸಿ. ತೂಕಡಿಸಿದವರು ‘ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ’ ಎನ್ನುತ್ತಾರೆ!

ಇದರಲ್ಲಿ ಎರಡು ಎಚ್ಚರಿಕೆ ಇವೆ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ಐದಕ್ಕೆ ಏಳುವ ಬೆಂಗಳೂರಿನ ಹುಡುಗ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದರೆ ಅದಕ್ಕೆ ಅಪ್ನಿಯಾ ಬೇಕಿಲ್ಲ. ಅವನಿಗೆ ಬೇಕಾದ್ದು ಎರಡು ಗಂಟೆ ಹೆಚ್ಚಿನ ನಿದ್ದೆ. ಇನ್ನೊಂದು, ತೀವ್ರ ಅಪ್ನಿಯಾ ಇದ್ದೂ ಹಗಲು ಒಂದಿಷ್ಟೂ ತೂಕಡಿಸದವರು ಎಷ್ಟೋ ಜನ ಇದ್ದಾರೆ. ತೂಕಡಿಕೆ ಇಲ್ಲ ಅಂತ ಉಳಿದ ಲಕ್ಷಣಗಳನ್ನು ಕೈಬಿಡಬಾರದು.

ದಪ್ಪಗಿರುವವರಿಗೆ ಮಾತ್ರ ಬರುತ್ತದೆ ಎನ್ನುವುದು ತಪ್ಪು. ತೂಕ ದೊಡ್ಡ ಕಾರಣ, ನಿಜ. ಕುತ್ತಿಗೆ, ನಾಲಿಗೆಯಲ್ಲಿ ಕೊಬ್ಬು ಸೇರಿದಷ್ಟೂ ದಾರಿ ಕಿರಿದಾಗುತ್ತದೆ. ಆದರೆ ಹಿಂದಕ್ಕೆ ಸರಿದ ಗಲ್ಲ, ಚಿಕ್ಕ ದವಡೆ, ದೊಡ್ಡ ನಾಲಿಗೆ, ಊದಿದ ಟಾನ್ಸಿಲ್ ಇರುವವರಿಗೆ ತೆಳ್ಳಗಿದ್ದರೂ ಬರುತ್ತದೆ. ಏಷ್ಯಾದವರಲ್ಲಿ ಮುಖದ ಮೂಳೆಗಳ ರಚನೆಯಿಂದಾಗಿ ಕಡಿಮೆ ತೂಕಕ್ಕೇ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅವರನ್ನು ಕನ್ನಡಿ ಮುಂದೆ ನಿಲ್ಲಿಸಿ ಬಾಯಿ ತೆರೆದು ನಾಲಿಗೆ ಚಾಚಲು ಹೇಳಿ. ‘ಆ’ ಎನ್ನುವುದು ಬೇಡ. ಕಿರುನಾಲಿಗೆ ಕಾಣದೆ ಬರೀ ನಾಲಿಗೆಯೇ ತುಂಬಿಕೊಂಡಿದ್ದರೆ ಒಳಗೆ ಜಾಗ ಕಡಿಮೆ. ಇನ್ನೊಂದು ಮಾತು, ನಿಮಗೆ ಬೇಜಾರಾಗಬಾರದು. 168 ಸೆಂ.ಮೀ.ಗೆ 74 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ) 26 ಆಯಿತು. ಭಾರತೀಯರ ಲೆಕ್ಕದಲ್ಲಿ 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು. ನಮ್ಮ ಕಣ್ಣಿಗೆ ‘ಮೈಕೈ ತುಂಬಿಕೊಂಡಿದ್ದಾರೆ’ ಅಂತ ಕಾಣುವವರೆಲ್ಲ ಆ ಗೆರೆ ದಾಟಿದವರೇ.

ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಕೊಟ್ಟರು. ಆಪರೇಷನ್‌ಗೆ ಬಂದವರಲ್ಲಿ ಯಾರಿಗೆ ಉಸಿರಿನ ತೊಂದರೆ ಆಗಬಹುದು ಅಂತ ಮೊದಲೇ ತಿಳಿಯಲು ಮಾಡಿದ್ದು. ಈಗ ಎಲ್ಲ ಕಡೆ ಬಳಸುತ್ತೇವೆ. ಜೋರು ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಬಿ.ಪಿ., ಬಿಎಂಐ 35ಕ್ಕಿಂತ ಜಾಸ್ತಿ, ವಯಸ್ಸು 50ಕ್ಕಿಂತ ಜಾಸ್ತಿ, ಕುತ್ತಿಗೆ ಸುತ್ತಳತೆ 40 ಸೆಂ.ಮೀ.ಗಿಂತ ಜಾಸ್ತಿ, ಗಂಡಸು. ಒಂದೊಂದಕ್ಕೆ ಒಂದು ಅಂಕ. ನಿಮ್ಮ ಯಜಮಾನರಿಗೆ ಕುತ್ತಿಗೆ ಅಳೆಯದೆಯೇ ಆರು ಬಂತು. ಐದು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯ ಹೆಚ್ಚು ಅಂತ ಲೆಕ್ಕ. ಅವರಿಗೆ ಮುಂದೆ ಯಾವುದೇ ಆಪರೇಷನ್ ಆಗುವುದಿದ್ದರೆ, ಹರ್ನಿಯಾದಂಥ ಸಣ್ಣದಾದರೂ ಸರಿ, ಅರಿವಳಿಕೆ ವೈದ್ಯರಿಗೆ ಈ ವಿಷಯ ಹೇಳಲೇಬೇಕು.

ಇದೇ ಪಟ್ಟಿಯಲ್ಲಿ ಈಗ ನಿಮ್ಮನ್ನು ಕೂರಿಸಿ ನೋಡೋಣ. ಬೆಳಿಗ್ಗೆ ತಲೆನೋವು, ದಿನವಿಡೀ ಸುಸ್ತು, ಮುಟ್ಟು ನಿಂತ ಮೇಲೆ ಕೆಟ್ಟ ನಿದ್ದೆ. ಪತ್ರದ ಕೊನೆಯಲ್ಲಿ, ಬರೆಯಲೋ ಬೇಡವೋ ಅನ್ನುವ ಹಾಗೆ ಬರೆದಿದ್ದೀರಿ. ದಣಿವಿಗೆ ಒಂದು ಅಂಕ ಸಿಗುತ್ತದೆ. ಹೆಂಗಸು, ಸೊನ್ನೆ. 50 ದಾಟಿಲ್ಲ, ಸೊನ್ನೆ. ಗೊರಕೆ? ಗೊತ್ತಿಲ್ಲ. ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರಾ? ಯಾರು ನೋಡಬೇಕು! ಅವರಿಗೆ ನೀವಿದ್ದೀರಿ, ನಿಮಗೆ ಯಾರೂ ಇಲ್ಲ. ಪಕ್ಕದವರು ಗೊರಕೆಯಲ್ಲಿ ಮುಳುಗಿದ್ದಾರೆ. ಹಾಗಾಗಿ ಅವರಿಗೆ ಆರು, ನಿಮಗೆ ಒಂದು. ಆದರೂ ನಿಮ್ಮನ್ನು ಪರೀಕ್ಷೆ ಮಾಡದೆ ಬಿಡಲು ನನಗೆ ಮನಸ್ಸಿಲ್ಲ.

ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ವಯಸ್ಕರಲ್ಲಿ ಸುಮಾರು ಶೇಕಡಾ 11 ಜನರಿಗೆ ಈ ಕಾಯಿಲೆ ಇತ್ತು. ಗಂಡಸರಲ್ಲಿ ಶೇಕಡಾ 13, ಹೆಂಗಸರಲ್ಲಿ 5. ಈ ಅಂತರದಲ್ಲಿ ಒಂದಿಷ್ಟು ದೇಹದ ವ್ಯತ್ಯಾಸ. ಹಾರ್ಮೋನುಗಳು ಹೆಂಗಸರ ಗಂಟಲನ್ನು ಒಂದು ವಯಸ್ಸಿನವರೆಗೆ ಕಾಯುತ್ತವೆ. ಮುಟ್ಟು ನಿಂತ ಮೇಲೆ ಆ ಕಾವಲು ಹೋಗುತ್ತದೆ, ಕಾಯಿಲೆ ಹೆಚ್ಚುತ್ತದೆ. ಪಿಸಿಒಎಸ್ (ಅಂಡಾಶಯ, ಹಾರ್ಮೋನಿನ ತೊಂದರೆ) ಇರುವವರಿಗೆ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಇನ್ನೊಂದಿಷ್ಟು, ನಾವು ಹುಡುಕುವ ರೀತಿಯ ತಪ್ಪು. ಹೆಂಗಸರು ‘ನಿದ್ದೆ ಬರ್ತದೆ’ ಎನ್ನುವುದಿಲ್ಲ, ‘ನಿದ್ದೆ ಬರಲ್ಲ, ಸುಸ್ತು, ತಲೆನೋವು, ಬೇಜಾರು’ ಎನ್ನುತ್ತಾರೆ. ಗೊರಕೆ ಹೊಡೆಯುತ್ತೇನೆ ಎಂದು ಹೇಳಲು ನಾಚಿಕೆ. ಅವರಿಗೆ ರಕ್ತಹೀನತೆಯ ಮಾತ್ರೆ, ವಿಟಮಿನ್, ಖಿನ್ನತೆಯ ಮಾತ್ರೆ, ಕಡೆಗೆ ನಿದ್ದೆ ಮಾತ್ರೆ ಸಿಗುತ್ತದೆ. ಗಂಟಲಿನ ಕಡೆ ಯಾರೂ ನೋಡುವುದಿಲ್ಲ. ಗಂಡ ತೀರಿಕೊಂಡವರು, ಒಬ್ಬರೇ ಇರುವವರು, ಗೊರಕೆ ಕಾಟಕ್ಕೆ ಹಾಲ್‌ನಲ್ಲಿ ಮಲಗುವ ಹಿರಿಯರು, ಎಲ್ಲರದೂ ಇದೇ ಪಾಡು. ಇಂಥವರಿಗೆ ಮದುವೆ ಛತ್ರದಲ್ಲಿ ಪಕ್ಕ ಮಲಗಿದ ನೆಂಟರು, ಸ್ಲೀಪರ್ ಬಸ್ಸಿನ ಪಕ್ಕದ ಸೀಟಿನವರು ಹೇಳಿದ ಮಾತೇ ಮೊದಲ ಸುಳಿವಾಗುವುದುಂಟು. ನಿಮ್ಮ ತಂಗಿಯೋ ಮಗಳೋ ಬಂದಾಗ ಒಂದು ರಾತ್ರಿ ಪಕ್ಕದಲ್ಲಿ ಮಲಗಿ ಗಮನಿಸಲು ಹೇಳಿ. ಯಾರೂ ಇಲ್ಲದಿದ್ದರೆ ಮೊಬೈಲ್‌ನಲ್ಲಿ ಗೊರಕೆ ರೆಕಾರ್ಡ್ ಮಾಡುವ ಆ್ಯಪ್‌ಗಳಿವೆ. ಅವು ಕಾಯಿಲೆ ಕಂಡುಹಿಡಿಯುವುದಿಲ್ಲ, ಸದ್ದು ಹಿಡಿದಿಡುತ್ತವೆ. ಅಷ್ಟು ಸಾಕು.

ಆ ಅರ್ಧ ಮಾತ್ರೆಯ ಬಗ್ಗೆ ನನಗೆ ಚಿಂತೆ ಇದೆ. ಅಲ್ಪ್ರಾಜೊಲಾಮ್ ಜಾತಿಯ ಮಾತ್ರೆಗಳು ಗಂಟಲ ಸ್ನಾಯುಗಳನ್ನು ಸಡಿಲ ಮಾಡಬಹುದು. ಉಸಿರು ಕಟ್ಟಿದಾಗ ಎಚ್ಚರಗೊಳ್ಳಬೇಕಾದ ಮಿದುಳನ್ನು ನಿಧಾನ ಮಾಡಬಹುದು. ಅಪ್ನಿಯಾ ಇದ್ದರೆ ಅದು ಒಳ್ಳೆಯದಲ್ಲ. ಆದರೆ ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಇವತ್ತೇ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸುವುದೂ ಅಪಾಯ. ಬರೆದುಕೊಟ್ಟ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ಮೆಡಿಕಲ್ ಶಾಪ್‌ನಿಂದ ನೀವೇ ತಂದು ತಗೊಳ್ಳುತ್ತಿದ್ದರೂ ಅಷ್ಟೇ, ಒಬ್ಬ ವೈದ್ಯರನ್ನು ಕೇಳಿಯೇ ಬಿಡಿ. ಮದ್ಯವೂ ಇದೇ ಕೆಲಸ ಮಾಡುತ್ತದೆ. ಯಜಮಾನರು ಕುಡಿಯುತ್ತಾರಾ ಅಂತ ನೀವು ಬರೆದಿಲ್ಲ. ಕುಡಿಯುವುದಿದ್ದರೆ, ಕುಡಿದ ರಾತ್ರಿಯ ಗೊರಕೆ, ಕುಡಿಯದ ರಾತ್ರಿಯ ಗೊರಕೆ ಎರಡನ್ನೂ ಹೋಲಿಸಿ ನೋಡಿ, ನಿಮಗೇ ತಿಳಿಯುತ್ತದೆ.

ಮಕ್ಕಳ ಬಗ್ಗೆ ನೀವು ಕೇಳಿಲ್ಲ. ಆದರೆ ಇದನ್ನು ಓದುವ ಚಿಕ್ಕ ಮಕ್ಕಳ ತಾಯಂದಿರಿಗೆ ಒಂದು ಮಾತು. ಮಗು ದಿನವೂ ಗೊರಕೆ ಹೊಡೆಯುವುದು ಮುದ್ದಿನ ವಿಷಯವಲ್ಲ. ಅವರಲ್ಲಿ ಹೆಚ್ಚಾಗಿ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಊದಿಕೊಂಡಿರುತ್ತವೆ. ಅಪ್ನಿಯಾ ಇರುವ ಮಗು ಹಗಲು ತೂಕಡಿಸುವುದಕ್ಕಿಂತ ಚೇಷ್ಟೆ ಮಾಡುವುದೇ ಜಾಸ್ತಿ. ಒಂದು ಕಡೆ ಕೂರುವುದಿಲ್ಲ, ಪಾಠದ ಕಡೆ ಗಮನವಿಲ್ಲ ಅಂತ ಶಾಲೆಯಿಂದ ದೂರು. ಬಾಯಿ ತೆರೆದು ಮಲಗುವುದು, ಕತ್ತನ್ನು ಹಿಂದಕ್ಕೆ ಚಾಚಿ ವಿಚಿತ್ರ ಭಂಗಿಯಲ್ಲಿ ಮಲಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ವಯಸ್ಸಿಗೆ ತಕ್ಕ ತೂಕ ಬಾರದಿರುವುದು ಕಂಡರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಪರೀಕ್ಷೆಗೆ ಸ್ಲೀಪ್ ಸ್ಟಡಿ ಎನ್ನುತ್ತಾರೆ. ಎರಡು ಬಗೆ ಇದೆ. ಒಂದರಲ್ಲಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು. ತಲೆ, ಕಣ್ಣಿನ ಬದಿ, ಗಲ್ಲ, ಎದೆ, ಕಾಲಿಗೆ ವೈರುಗಳು, ಮೂಗಿಗೆ ಸಣ್ಣ ಕೊಳವೆ, ಎದೆಗೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್. ನೋಡಲು ಭಯಂಕರ, ನೋವು ಮಾತ್ರ ಒಂಚೂರೂ ಇಲ್ಲ. ಸೂಜಿ ಇಲ್ಲ. ‘ಇಷ್ಟೆಲ್ಲ ಹಾಕಿದರೆ ನಿದ್ದೆ ಹೇಗೆ ಬರುತ್ತದೆ’ ಅಂತ ಎಲ್ಲರೂ ಕೇಳುತ್ತಾರೆ, ಆಮೇಲೆ ಮಲಗುತ್ತಾರೆ. ಇನ್ನೊಂದು, ಸಣ್ಣ ಯಂತ್ರವನ್ನು ಮನೆಗೆ ಒಯ್ದು ಕಟ್ಟಿಕೊಂಡು ಮಲಗುವುದು. ನಿಮ್ಮ ಯಜಮಾನರಂಥವರಿಗೆ, ಲಕ್ಷಣ ಇಷ್ಟು ಸ್ಪಷ್ಟವಾಗಿದ್ದಾಗ, ಮನೆಯ ಪರೀಕ್ಷೆ ಸಾಕಾಗಬಹುದು. ನಿಮಗೆ ಆಸ್ಪತ್ರೆಯದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಹೆಂಗಸರಲ್ಲಿ ಉಸಿರು ಪೂರ್ತಿ ನಿಲ್ಲುವುದಕ್ಕಿಂತ ಅರ್ಧಂಬರ್ಧ ಆಗಿ ನಿದ್ದೆ ಒಡೆಯುವುದು ಹೆಚ್ಚು. ಮನೆಯ ಯಂತ್ರ ಮಿದುಳಿನ ಅಲೆ ನೋಡುವುದಿಲ್ಲವಾದ್ದರಿಂದ ಅದನ್ನು ಕಡಿಮೆ ತೋರಿಸಬಹುದು. ಲಕ್ಷಣವಿದ್ದೂ ಮನೆ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ಅಲ್ಲಿಗೆ ಬಿಡಬಾರದು.

ರಿಪೋರ್ಟ್‌ನಲ್ಲಿ ಎಎಚ್‌ಐ ಎಂಬ ಒಂದು ಸಂಖ್ಯೆ ಇರುತ್ತದೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ದೊಡ್ಡವರಲ್ಲಿ ಐದರವರೆಗೆ ಚಿಂತೆ ಇಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಆಕ್ಸಿಜನ್ ಎಷ್ಟಕ್ಕೆ ಇಳಿಯಿತು ಎಂಬುದನ್ನೂ ನೋಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಹಗಲು ಬೆರಳಿಗೆ ಹಾಕಿ ‘98 ಇದೆ, ಏನೂ ಇಲ್ಲ’ ಎನ್ನುವವರಿದ್ದಾರೆ. ಹಗಲು ಅದು ಸರಿಯಾಗಿಯೇ ಇರಬಹುದು, ಇದು ರಾತ್ರಿಯ ಕಾಯಿಲೆ.

ಚಿಕಿತ್ಸೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ರಿಪೋರ್ಟ್ ನೋಡಿ ಆಡಬೇಕಾದ ಮಾತು. ಮಧ್ಯಮ, ತೀವ್ರ ಅಪ್ನಿಯಾಕ್ಕೆ ಮೊದಲ ಆಯ್ಕೆ ಸಿಪ್ಯಾಪ್, ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಯಂತ್ರ. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಲೋಕಕ್ಕೆ ಕೊಟ್ಟರು. ಅದು ಆಕ್ಸಿಜನ್ ಯಂತ್ರವಲ್ಲ, ವೆಂಟಿಲೇಟರ್ ಅಲ್ಲ. ಮೊದಲ ಒಂದೆರಡು ವಾರ ಕಿರಿಕಿರಿ, ಆಮೇಲೆ ಅಭ್ಯಾಸವಾಗುತ್ತದೆ. ಹತ್ತಾರು ಸಾವಿರ ರೂಪಾಯಿಯ ವಸ್ತು, ಹಾಗಾಗಿ ಕೊಳ್ಳುವ ಮುಂಚೆ ಬಾಡಿಗೆಗೆ ಸಿಗುತ್ತದಾ ಕೇಳಿ. ಮಾಸ್ಕ್ ಅಳತೆ ಸರಿಯಿರಲಿ. ಸೌಮ್ಯವಾಗಿದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ, ದಂತವೈದ್ಯರು ಮಾಡಿಕೊಡುವ ಸಾಧನವೂ ಕೆಲಸ ಮಾಡುತ್ತದೆ. ಆಪರೇಷನ್ ಕೆಲವರಿಗೆ ಮಾತ್ರ. ತೂಕ ಇಳಿದಷ್ಟೂ ಒಳ್ಳೆಯದು. ಅಮೆರಿಕದ ವಿಸ್ಕಾನ್ಸಿನ್‌ನ ಅಧ್ಯಯನದಲ್ಲಿ ತೂಕ ಶೇಕಡಾ 10 ಇಳಿದರೆ ಎಎಚ್‌ಐ ಸುಮಾರು ಶೇಕಡಾ 26 ಇಳಿಯುವ ಲೆಕ್ಕ ಸಿಕ್ಕಿತ್ತು. ಯಜಮಾನರಿಗೆ ಅದು ಏಳು ಕೆ.ಜಿ. ಆನ್‌ಲೈನ್‌ನಲ್ಲಿ ಸಿಗುವ ಗೊರಕೆ ಉಂಗುರ, ಮೂಗಿನ ಕ್ಲಿಪ್, ಬಾಯಿಗೆ ಅಂಟಿಸುವ ಟೇಪ್ ಇವಕ್ಕೆ ದುಡ್ಡು ಹಾಕಬೇಡಿ. ಮೂಗು ಕಟ್ಟಿದವರು ಬಾಯಿಗೂ ಟೇಪ್ ಹಾಕಿಕೊಂಡರೆ ಏನಾದೀತು, ನೀವೇ ಯೋಚಿಸಿ.

ಎಲ್ಲಿಗೆ ಹೋಗಬೇಕು? ದಾವಣಗೆರೆಯಲ್ಲೇ ಶ್ವಾಸಕೋಶ ತಜ್ಞರು, ಇಎನ್‌ಟಿ ತಜ್ಞರು ಇದ್ದಾರೆ, ಅಲ್ಲಿಂದ ಶುರು ಮಾಡಿ. ಸ್ಲೀಪ್ ಸ್ಟಡಿ ಎಲ್ಲಿ ಆಗುತ್ತದೆ ಅಂತ ಅವರೇ ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆಗಳಿಗೆ ವ್ಯವಸ್ಥೆ ಇದೆ. ಹೋಗುವಾಗ ಆ ವಿಡಿಯೊ, ಇಬ್ಬರ ಎಪ್‌ವರ್ತ್ ಅಂಕ, ಯಜಮಾನರ ಮೂರು ಬಿ.ಪಿ. ಮಾತ್ರೆಗಳ ಚೀಟಿ, ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ ನೋಡಿ ಬರೆದಿಟ್ಟ ಬಿ.ಪಿ. ತಗೊಂಡು ಹೋಗಿ. ಇಬ್ಬರೂ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಾದರೂ ನಾಲಿಗೆ, ಗಂಟಲು ಊದಿ ಇದೇ ತೊಂದರೆ ಬರುತ್ತದೆ, ಮತ್ತು ನಿಮ್ಮ ಸುಸ್ತಿಗೆ ಅದೂ ಕಾರಣವಿರಬಹುದು. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ. ಚೀಟಿ ಮಾಡಿಸುವಾಗ ಒಂದಲ್ಲ, ಎರಡು ಚೀಟಿ ಮಾಡಿಸಿ. ಯಜಮಾನರ ಜೊತೆಗೆ ಬಂದವರು ಅಂತ ಕುರ್ಚಿಯ ಪಕ್ಕ ನಿಲ್ಲಬೇಡಿ, ನಿಮ್ಮ ಹೆಸರು ಕರೆಸಿಕೊಂಡು ಒಳಗೆ ಹೋಗಿ ಕೂರಿ.